ಅಂಗಾಲಿನ ತಂಪು

ಏಪ್ರಿಲ್ ಮಧ್ಯಾಹ್ನ ಹೈದರಾಬಾದಿನ ಹಳೆಯ ಮನೆಯೊಂದರಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಿ. ಹೊರಗಿನ ಉರಿಯನ್ನು ಮೊದಲು ಮರೆಯುವುದು ಅಂಗಾಲು. ಆ ತಂಪು ತಾಂಡೂರು, ಶಹಾಬಾದ್ ಕಲ್ಲಿನದು. ತಾಂಡೂರು ಇಂದು ತೆಲಂಗಾಣದಲ್ಲಿದೆ, ಶಹಾಬಾದ್ ನಮ್ಮ ಕಲಬುರಗಿ ಜಿಲ್ಲೆಯಲ್ಲಿ. 1956ರವರೆಗೆ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಎರಡು ಕಡೆಯದೂ ಪದರಪದರವಾಗಿ ಏಳುವ ಸುಣ್ಣದ ಕಲ್ಲೇ.

ಮನೆ ಕಟ್ಟುವ ಕೆಲಸ ಮುಗಿಯುತ್ತ ಬಂದಾಗ ಈ ಕಲ್ಲು ಹಾಸಲು ಬರುವ ಮೇಸ್ತ್ರಿಯನ್ನು ನೋಡುವುದೇ ಒಂದು ಸೊಗಸು. ದಾರ ಕಟ್ಟಿ, ರಸಮಟ್ಟ ಇಟ್ಟು, ಗಾರೆಯ ಮೇಲೆ ಕಲ್ಲು ಕೂರಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾನೆ. ಸದ್ದು ಗಟ್ಟಿಯಾಗಿದ್ದರೆ ಸರಿ. ಟೊಳ್ಳೆನಿಸಿದರೆ ಕಲ್ಲೆತ್ತಿ ಮತ್ತೆ ಗಾರೆ ತುಂಬುತ್ತಾನೆ. ಬಚ್ಚಲಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಒಂದು ಚೊಂಬು ನೀರು ಸುರಿದು, ಅದು ಎಲ್ಲೂ ನಿಲ್ಲದೆ ಮೋರಿ ಸೇರಿದ ಮೇಲೆಯೇ ಅವನು ಏಳುವುದು.

ಕೊನೆಗೆ ಪಾಲಿಶ್. ನೀರು ಹರಿಸುತ್ತ ಮೊದಲು ಒರಟು ಸಾಣೆಕಲ್ಲು, ಆಮೇಲೆ ಒಂದಕ್ಕಿಂತ ಒಂದು ನಯವಾದವು ತಿರುಗುತ್ತವೆ. ಬೂದು ರಾಡಿ ತೊಳೆದಾಗ ಮೋಡ ಕವಿದ ಕೆರೆಯಂಥ ನೀಲಿ ಮೇಲೇಳುತ್ತದೆ. ಪಕ್ಕದ ಕಲ್ಲಿನ ಸಂದು ಬೆರಳಿಗೆ ಸಿಗುವುದಿಲ್ಲ.

ಈ ನೆಲದ ಹಟ ಒಂದೇ: ಸುಣ್ಣದ ಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆರಸ ಚೆಲ್ಲಿದರೆ ಕೂಡಲೇ ಒರೆಸಿ, ಇಲ್ಲವಾದರೆ ಕಲೆ ಉಳಿಯುತ್ತದೆ. ಅಷ್ಟು ನೋಡಿಕೊಂಡರೆ ಸಾಕು, ಬೇಸಿಗೆಯ ನಿದ್ದೆಗೆ ಚಾಪೆಯೂ ಬೇಡ.