ಅದೇ ಬೋಲ್ಟ್ ಮತ್ತೆ ಕೂರಬೇಕು

ಎಂಜಿನ್‌ನ ಅಲ್ಯೂಮಿನಿಯಂ ಭಾಗದಲ್ಲಿ ಥ್ರೆಡ್ ಹೋಯಿತೆಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, ‘ದೊಡ್ಡ ಸೈಜ್ ಟ್ಯಾಪ್ ಹೊಡೆದುಬಿಡೋಣ ಸಾರ್’. 6 ಎಂ.ಎಂ. ಬೋಲ್ಟ್ ಇದ್ದ ಜಾಗಕ್ಕೆ 8 ಎಂ.ಎಂ. ಬರುತ್ತದೆ, ಗಾಡಿ ಸಂಜೆಯೊಳಗೆ ಮನೆ ಸೇರುತ್ತದೆ. ನನಗೆ ಈ ರಿಪೇರಿ ಒಪ್ಪಿಗೆಯಿಲ್ಲ. ತೂತಿನ ಸುತ್ತಲಿನ ಗೋಡೆ ತೆಳುವಾಗುತ್ತದೆ, ಅದಕ್ಕೆ ಹೊಂದಿಸಲು ಮೇಲಿನ ಕವರ್ ಕೂಡ ಕೊರೆಸಿಕೊಳ್ಳುತ್ತದೆ. ಮುಂದೊಂದು ದಿನ ಮತ್ತೆ ಥ್ರೆಡ್ ಹೋದರೆ ಕೊರೆಯಲು ಲೋಹವೇ ಉಳಿದಿರುವುದಿಲ್ಲ. ಕಂಪನಿ ಕೊಟ್ಟ ಅಳತೆಯ ಬೋಲ್ಟೇ ಮತ್ತೆ ಅಲ್ಲಿ ಕೂರುವಂತೆ ಮಾಡುವುದು ನಿಜವಾದ ರಿಪೇರಿ.

ಥ್ರೆಡ್ ಹೋಗುವುದಕ್ಕೆ ಲೋಹಗಳ ಜೋಡಿಯೇ ಅರ್ಧ ಕಾರಣ. ಬೋಲ್ಟ್ ಉಕ್ಕಿನದು, ತೂತು ಅಲ್ಯೂಮಿನಿಯಂನದು. ಜಗ್ಗಾಟದಲ್ಲಿ ಸೋಲುವುದು ಯಾವಾಗಲೂ ತೂತೇ. ಬಿಗಿತದ ಭಾರವನ್ನು ಎಲ್ಲ ಸುತ್ತುಗಳೂ ಸಮನಾಗಿ ಹೊರುವುದಿಲ್ಲ, ಸುಮಾರು ಮೂರನೇ ಒಂದು ಪಾಲು ಮೊದಲ ಸುತ್ತಿನ ಮೇಲೇ ಬೀಳುತ್ತದೆ. ಅದು ಹರಿದರೆ ಭಾರ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಕವರಿನ 6 ಎಂ.ಎಂ. ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಬಿಗಿ ಸಾಕು. ಉದ್ದ ಹಿಡಿಯ ರಾಚೆಟ್‌ನಲ್ಲಿ ಆ ಮಿತಿ ದಾಟಿದ್ದು ಕೈಗೆ ತಿಳಿಯುವುದೇ ಇಲ್ಲ.

ಇಂಥ ತೂತುಗಳಿಗೆ ನಾನು ಮೆಚ್ಚುವುದು ಹೆಲಿಕಾಯಿಲ್. ವಜ್ರಾಕಾರದ ಅಡ್ಡಕೊಯ್ತವಿರುವ ಸ್ಟೇನ್‌ಲೆಸ್ ತಂತಿಯನ್ನು ಬಾಲ್‌ಪೆನ್ನಿನ ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ತಂತಿಯ ಹೊರಮೈ ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುತ್ತದೆ, ಒಳಮೈಯೇ ಬೋಲ್ಟಿಗೆ ಹೊಸ ಥ್ರೆಡ್. 8 ಎಂ.ಎಂ. ಬೋಲ್ಟಿಗೆ ಸುಮಾರು 8.3 ಎಂ.ಎಂ. ಡ್ರಿಲ್ ಸಾಕು, ಅಂದರೆ ಹಾಳಾದ ಥ್ರೆಡ್ಡಿನ ಅವಶೇಷ ಬಿಟ್ಟರೆ ಹೆಚ್ಚೇನೂ ಕೊರೆಯಬೇಕಿಲ್ಲ. ಸುರುಳಿಗೆ ತುಸು ಮಿದುತನ ಇರುವುದರಿಂದ ಭಾರ ಹಲವು ಸುತ್ತುಗಳಿಗೆ ಹಂಚಿಹೋಗುತ್ತದೆ. ಸರಿಯಾಗಿ ಕೂರಿಸಿದ ತೂತು ಮೊದಲಿದ್ದದ್ದಕ್ಕಿಂತ ಗಟ್ಟಿಯಾಗಿರುತ್ತದೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಕೈಚಳಕ ಬೇಕಾಗುವುದು ಟ್ಯಾಪ್ ಹಿಡಿಯುವಾಗ. ಹೆಲಿಕಾಯಿಲ್‌ಗೆ ಅದರದೇ ಟ್ಯಾಪ್ ಬೇಕು, ಪೆಟ್ಟಿಗೆಯಲ್ಲಿರುವ ಮಾಮೂಲಿ ಟ್ಯಾಪ್ ನಡೆಯದು. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸವರಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋದರೆ ಚೂರು ತುಂಡಾಗಿ ಬೀಳುತ್ತದೆ. ಟ್ಯಾಪಿನ ತೋಡುಗಳಿಗೆ ಗ್ರೀಸ್ ಮೆತ್ತಿದರೆ ಚೂರು ಎಂಜಿನ್ನಿನೊಳಗೆ ಉದುರದೆ ಅಲ್ಲೇ ಅಂಟಿಕೊಳ್ಳುತ್ತದೆ. ಸುರುಳಿಯನ್ನು ಮೇಲ್ಮೈಯಿಂದ ಅರ್ಧ ಸುತ್ತಿನಷ್ಟಾದರೂ ಕೆಳಗೆ ನಿಲ್ಲಿಸಬೇಕು. ತಳ ಮುಚ್ಚಿದ ತೂತಾದರೆ ಒಳಗಿನ ಎಣ್ಣೆ ಒರೆಸದೆ ಬೋಲ್ಟ್ ಬಿಗಿಯಬಾರದು. ಒತ್ತಿಸಿಕೊಂಡ ಎಣ್ಣೆಗೆ ದಾರಿಯಿಲ್ಲದೆ ಎರಕವೇ ಬಿರುಕು ಬಿಟ್ಟೀತು.

ಆದರೆ ಸ್ಪಾರ್ಕ್ ಪ್ಲಗ್ಗಿನ ತೂತಿಗೆ ನಾನು ಹೆಲಿಕಾಯಿಲ್ ಹಾಕಿಸುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಯನ್ನೇ ತೆಗೆದುಕೊಳ್ಳಿ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಟೂ-ಸ್ಟ್ರೋಕ್ ಆದ್ದರಿಂದ ಪ್ಲಗ್ ಮಸಿ ಹಿಡಿಯುತ್ತದೆ, ಮತ್ತೆ ಮತ್ತೆ ಬಿಚ್ಚಬೇಕಾಗುತ್ತದೆ. ಅದು 14 ಎಂ.ಎಂ. ಪ್ಲಗ್, ಥ್ರೆಡ್ ಅರ್ಧ ಇಂಚು ಉದ್ದ. 1.25 ಎಂ.ಎಂ. ಪಿಚ್‌ಗೆ ಒಟ್ಟು ಹತ್ತೇ ಸುತ್ತು. ಯಾರೋ ಉದ್ದ ಥ್ರೆಡ್ಡಿನ ಪ್ಲಗ್ ಹಾಕಿದ್ದರೆ ಅದರ ತುದಿ ದಹನ ಕೋಣೆಯೊಳಗೆ ಚಾಚಿ ಇಂಗಾಲ ಕಟ್ಟಿಕೊಳ್ಳುತ್ತದೆ. ಬಿಚ್ಚುವಾಗ ಆ ಇಂಗಾಲವೇ ಹೆಡ್ಡಿನ ಥ್ರೆಡ್ಡನ್ನು ಕೆರೆದುಕೊಂಡು ಹೊರಬರುತ್ತದೆ. ಬಿಸಿ ಎಂಜಿನ್ನಿನಿಂದ ಅವಸರದಲ್ಲಿ ಕೀಳುವವರೂ ಇದೇ ನಷ್ಟ ತಂದುಕೊಳ್ಳುತ್ತಾರೆ.

ಪ್ಲಗ್ಗಿನ ಬಿಸಿ ಹರಿದುಹೋಗುವುದು ಥ್ರೆಡ್ ಮತ್ತು ವಾಷರಿನ ಮೂಲಕ. ಮಧ್ಯೆ ಸಡಿಲ ತಂತಿಯಿದ್ದರೆ ಆ ಹರಿವಿಗೆ ಅಡ್ಡಿ, ಮೇಲಾಗಿ ಒಂದು ದಿನ ಪ್ಲಗ್ಗಿನ ಜೊತೆಗೇ ಅದೂ ಎದ್ದು ಬರಬಹುದು. ಇಲ್ಲಿ ಗಟ್ಟಿ ಬುಷ್ ಬೇಕು. ಒಳಗೆ 14, ಹೊರಗೆ 18 ಎಂ.ಎಂ. ಥ್ರೆಡ್ ಕತ್ತರಿಸಿದ ಕಂಚಿನ ಬುಷ್ಷನ್ನು ಒಳ್ಳೆಯ ಲೇತ್ ಕೆಲಸಗಾರ ಮಾಡಿಕೊಡುತ್ತಾನೆ. ಕಂಚು ಯಾಕೆಂದರೆ, ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ; ಕಂಚು ಇವೆರಡರ ನಡುವೆ ನಿಲ್ಲುತ್ತದೆ. ಹೆಡ್ ತಣ್ಣಗಿರಲಿ, ಕಾದಿರಲಿ, ಹಿಡಿತ ಅಷ್ಟು ಬೇಗ ಸಡಿಲವಾಗದು.

ಹೆಡ್ ಬಿಚ್ಚದೆ ಈ ಕೆಲಸ ಮಾಡಿಕೊಡುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ. ಯೆಜ್ಡಿಯ ಹೆಡ್ ಕೆಲವೇ ನಟ್‌ಗಳಿಗೆ ಕೈಗೆ ಬರುತ್ತದೆ. ಪ್ಲಗ್ ಕೂರುವ ಮುಖ ಡ್ರಿಲ್‌ಗೆ ಲಂಬವಾಗುವಂತೆ ಅದನ್ನು ಕಟ್ಟಿ ಕೊರೆಯಬೇಕು. ಓರೆಯಾದರೆ ವಾಷರಿನ ಒಂದು ಬದಿಯಿಂದ ಗ್ಯಾಸ್ ಸೋರುತ್ತದೆ. ಬುಷ್ಷಿನ ತಳ ಕೋಣೆಯೊಳಗೆ ಕೂದಲೆಳೆಯಷ್ಟೂ ಚಾಚಿರಬಾರದು, ಚಾಚಿದ ಅಂಚು ಕೆಂಪಗೆ ಕಾದು ಕಿಡಿಗೂ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಹೆಡ್ಡನ್ನು ಮನೆಗೆ ತರುವ ಮುನ್ನ ಅಂಗಡಿಯಲ್ಲೇ ಹೊಸ ಪ್ಲಗ್ಗನ್ನು ಬೆರಳಿನಿಂದ ತಿರುಗಿಸಿ ನೋಡಿ. ಸ್ಪಾನರ್ ಮುಟ್ಟದೆ ಅದು ವಾಷರ್‌ವರೆಗೂ ಇಳಿಯಬೇಕು, ನಡುವೆ ಎಲ್ಲಾದರೂ ತಡೆದರೆ ಆ ಬುಷ್ ಬಿಚ್ಚಿಸಿ ಇನ್ನೊಂದನ್ನು ಮಾಡಿಸಿ.