ಹಸಿರು ಬಲೆ, ಹಳದಿ ಹೆಲ್ಮೆಟ್ಟು

ಬೆಂಗಳೂರಿನಲ್ಲಿ ಯಾವುದೇ ಕಟ್ಟಡ ಮೇಲೇಳುತ್ತಿದ್ದರೂ ಸಾರುವೆಗೆ ಹೊದಿಸಿದ ಹಸಿರು ಬಲೆ ದೂರದಿಂದಲೇ ಕಾಣುತ್ತದೆ. ಗೇಟಿನಲ್ಲಿ ‘ಹೆಲ್ಮೆಟ್ ಕಡ್ಡಾಯ’ ಎಂಬ ಫಲಕ. ಮೇಲಿನಿಂದ ಬೀಳುವುದರಿಂದ ಜನರನ್ನು ಕಾಯಲು ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಇವೆರಡನ್ನೇ. ಎರಡೂ ಬೇಕು, ಎರಡೂ ಸಾಲವು.

ಬಹಳ ಕಡೆ ಕಟ್ಟುವುದು ನರ್ಸರಿಯಲ್ಲಿ ಗಿಡಗಳ ನೆರಳಿಗೆ ಬಳಸುವಂಥ ಬಲೆ. ದೂಳನ್ನೂ ಉದುರುವ ಗಾರೆಯ ಚೂರನ್ನೂ ತಡೆಯುತ್ತದೆ, ಅಷ್ಟರ ಮಟ್ಟಿಗೆ ಉಪಕಾರವೇ. ಸೆಂಟ್ರಿಂಗ್ ಶೀಟೋ ಸಲಾಕೆಯ ತುಂಡೋ ಕೈಜಾರಿ ಬಂದರೆ ಹರಿದು ದಾರಿ ಬಿಡುತ್ತದೆ.

ಹೆಲ್ಮೆಟ್ಟಿನ ಮಿತಿಯನ್ನು ಲೆಕ್ಕ ಹಾಕಿಯೇ ನೋಡಬಹುದು. ಯುರೋಪಿನ ಇಎನ್ 397 ಮಾನದಂಡದಲ್ಲಿ ಅದರ ಮೇಲೆ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. 3 ಕಿಲೋ ಇಟ್ಟಿಗೆಯೊಂದು 30 ಮೀಟರ್ ಮೇಲಿಂದ, ಅಂದರೆ ಹತ್ತನೇ ಮಹಡಿಯ ಆಸುಪಾಸಿನಿಂದ ಬಿದ್ದರೆ ಅದರ ಶಕ್ತಿ ಆ ಪರೀಕ್ಷೆಯ 18 ಪಟ್ಟು. ನೆಲ ಮುಟ್ಟಲು ಎರಡೂವರೆ ಸೆಕೆಂಡು. ಮೇಲಿನವರು ಕೂಗಿ, ಕೆಳಗಿನವರು ಕತ್ತೆತ್ತುವಷ್ಟರಲ್ಲಿ ಮುಗಿದಿರುತ್ತದೆ.

ಇನ್ನೂ ನೋವಿನ ಮಾತೊಂದಿದೆ. ಗಾರೆ ಕೆಲಸದ ಹೆಂಗಸರು ತಲೆಗೆ ಸಿಂಬೆ ಇಟ್ಟು ಅದರ ಮೇಲೆ ಕಾಂಕ್ರೀಟಿನ ಬಾಣಲಿ ಹೊರುತ್ತಾರೆ. ಸಿಂಬೆ ಕೂರಬೇಕಾದ ಜಾಗದಲ್ಲಿ ಹೆಲ್ಮೆಟ್ಟು ಕೂರುವುದು ಹೇಗೆ? ಕಡ್ಡಾಯ ಎಂದು ಬರೆಸಿದವರು ಅವರ ಕೆಲಸವನ್ನು ಒಮ್ಮೆಯಾದರೂ ನಿಂತು ನೋಡಿದ್ದರೆ ಹೊರುವ ವಿಧಾನವನ್ನೇ ಬದಲಿಸುತ್ತಿದ್ದರು.

ದಾರಿ ಗೊತ್ತಿಲ್ಲದೆ ಹೀಗಾಗಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳೇ, 15 ಮೀಟರಿಗೆ ಏರುವ ಕಟ್ಟಡದ ಸುತ್ತ ಕನಿಷ್ಠ 2 ಮೀಟರ್ ಅಗಲದ ರಕ್ಷಣಾ ಚಪ್ಪರ ಇರಬೇಕೆಂದವು. ಸಾರುವೆಯ ಅಂಚಿಗೆ ಅಡ್ಡ ಹಲಗೆ ಹೊಡೆದರೆ ಕಾಲು ತಾಗಿದ ಇಟ್ಟಿಗೆ ಅಲ್ಲೇ ನಿಲ್ಲುತ್ತದೆ. ಸುತ್ತಿಗೆ, ಸ್ಪ್ಯಾನರಿಗೆ ದಾರ ಕಟ್ಟಿ ಸೊಂಟಕ್ಕೆ ಬಿಗಿದುಕೊಳ್ಳಬಹುದು. ಭಾರ ಎತ್ತುವಾಗ ಕೆಳಗಿನ ಜಾಗ ಖಾಲಿ ಮಾಡಿಸಬಹುದು.

ಈ ಕೊನೆಯದು ರಸ್ತೆಗೂ ಅನ್ವಯಿಸುತ್ತದೆ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಹಂದರ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅವರು ಆ ಕೆಲಸಕ್ಕೆ ಸಂಬಂಧಪಟ್ಟವರೇ ಅಲ್ಲ. ಅಷ್ಟೆತ್ತರದ ಹಂದರ ವಾಲಿದರೆ ಎಲ್ಲಿಯವರೆಗೆ ಬಿದ್ದೀತೋ ಅಲ್ಲಿಯವರೆಗೆ ವಾಹನ ತಡೆಯುವುದು ಗುತ್ತಿಗೆದಾರರ ಕೆಲಸ.

ಚಪ್ಪರಕ್ಕೂ ಹಲಗೆಗೂ ದುಡ್ಡು ಹಾಕಬೇಕಾದವರು ಬಿಲ್ಡರು. ಹೆಲ್ಮೆಟ್ಟಿಲ್ಲವೆಂದು ಬೈಸಿಕೊಳ್ಳುವವರು ಕೂಲಿಯವರು. ತಪಾಸಣೆಗೆ ಬರುವ ಅಧಿಕಾರಿಗಳು ಗೇಟಿನಲ್ಲಿ ತಲೆ ಎಣಿಸುವುದನ್ನು ಬಿಟ್ಟು ನೇರ ಮೇಲಿನ ಮಹಡಿಗೆ ಹತ್ತಿ, ಸ್ಲ್ಯಾಬಿನ ಅಂಚಿನಲ್ಲಿ ಏನೇನು ಬಿಡಿಯಾಗಿ ಬಿದ್ದಿದೆ ಎಂದು ನೋಡಲಿ.