ಎಲ್ಲರೂ ಮೊಲಗಳೇ ಆದಾಗ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ದಾಳ ಉರುಳಿಸುತ್ತ, ಬಾಯಲ್ಲೇ ಕಥೆ ಕಟ್ಟುವ ಆಟಗಳಿಗೆಲ್ಲ ಹಿರಿಯಣ್ಣ 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಕಟ್ಟಿದ್ದು ಕೆಲಸ ಹಂಚಿಕೆಯ ಮೇಲೆ. ಒಬ್ಬ ಕತ್ತಿ ಹಿಡಿಯಬೇಕು, ಒಬ್ಬ ಮಂತ್ರ ಹಾಕಬೇಕು, ಗಾಯ ಮಾಯಿಸಲು ಒಬ್ಬ ಪಾದ್ರಿ ಇರಬೇಕು. ಈ ಹಂಚಿಕೆಯನ್ನು ಬೇಕೆಂದೇ ಮುರಿದು, ಎಲ್ಲರೂ ಒಂದೇ ಕಸುಬಿನವರು ಅಥವಾ ಒಂದೇ ಜಾತಿಯ ಪ್ರಾಣಿಗಳು ಎಂದು ಹೊರಡುವ ಆಟಗಳ ರುಚಿಯೇ ಬೇರೆ. ರಾಗಮಾಲಿಕೆ ಬಿಟ್ಟು ಒಂದೇ ರಾಗ ಹಿಡಿದು ಕೂತ ಹಾಗೆ. ಸಣ್ಣ ಗಮಕವೂ ಕಿವಿಗೆ ಬೀಳುತ್ತದೆ.

1976ರಲ್ಲೇ ಡೆನಿಸ್ ಸಸ್ಟೇರ್, ಸ್ಕಾಟ್ ರಾಬಿನ್ಸನ್ ‘ಬನ್ನೀಸ್ ಅಂಡ್ ಬರೋಸ್’ ತಂದರು. ರಿಚರ್ಡ್ ಆಡಮ್ಸ್ ಅವರ ‘ವಾಟರ್‌ಶಿಪ್ ಡೌನ್’ ಕಾದಂಬರಿಯ ಗುಂಗಿನಲ್ಲಿ ಹುಟ್ಟಿದ ಈ ಆಟದಲ್ಲಿ ಆಡುವವರೆಲ್ಲ ಮೊಲಗಳು. ಇಲ್ಲಿ ನರಿಯುಂಟು, ಉರುಲುಂಟು, ಎಲ್ಲಕ್ಕಿಂತ ಭಯಂಕರನಾದ ಮನುಷ್ಯನುಂಟು. ತೋಟದ ಬೇಲಿ ನುಸುಳುವುದೇ ಒಂದು ದಂಡಯಾತ್ರೆ. ಒಂದು ಮೊಲಕ್ಕೆ ಮೂಲಿಕೆ ಗೊತ್ತು, ಇನ್ನೊಂದು ಕಥೆ ಹೇಳುತ್ತದೆ, ಮತ್ತೊಂದಕ್ಕೆ ಮುಂದಾಗುವುದು ಹೊಳೆಯುತ್ತದೆ. ಆದರೆ ನಾಯಿ ಬೊಗಳಿದಾಗ ಎಲ್ಲರ ಎದೆಯೂ ಒಂದೇ ಸಮ ಡವಗುಟ್ಟುತ್ತದೆ. ಬೆರಕೆ ತಂಡದಲ್ಲಿ ಧೈರ್ಯ ಕತ್ತಿಯವನ ಜವಾಬ್ದಾರಿ. ಇಲ್ಲಿ ಅದು ಯಾರ ಕೆಲಸವೂ ಅಲ್ಲ. ಆದ್ದರಿಂದಲೇ ಯಾರೋ ಒಬ್ಬರು ‘ನಾನು ಮೊದಲು ಹೋಗ್ತೀನಿ’ ಅಂದ ಕ್ಷಣಕ್ಕೆ ಅಷ್ಟು ಬೆಲೆ. ಭಯವೇ ಸ್ಥಾಯಿ, ಉತ್ಸಾಹ ಅದರ ಮೇಲೆ ಮಿಂಚಿ ಹೋಗುವ ಸಂಚಾರಿ (ಅಲಂಕಾರಶಾಸ್ತ್ರ ಬಲ್ಲವರು ಕ್ಷಮಿಸಬೇಕು).

ಲ್ಯೂಕ್ ಕ್ರೇನ್ ಅವರ ‘ಮೌಸ್ ಗಾರ್ಡ್’ (2008) ಇದನ್ನೇ ಇನ್ನೂ ನಯವಾಗಿ ಹೊಸೆಯಿತು. ಡೇವಿಡ್ ಪೀಟರ್ಸನ್ ಅವರ ಚಿತ್ರಕಥೆಗಳ ಕಾವಲುಗಾರ ಇಲಿಗಳೇ ಇಲ್ಲಿನ ಪಾತ್ರಗಳು. ಪ್ರತಿ ಇಲಿಗೂ ‘ನೇಚರ್’ ಎಂಬ ಅಂಕೆಯಿದೆ. ಅಡಗು, ಹತ್ತು, ಓಡು, ತಿನ್ನಲು ಹುಡುಕು ಎನ್ನುವ ಇಲಿಬುದ್ಧಿಯ ಅಳತೆ ಅದು. ಏಳಕ್ಕೇರಿದರೆ ಇಲಿತನವೇ ಗೆದ್ದು ಕಾವಲು ಬಿಡಬೇಕು. ಸೊನ್ನೆಗಿಳಿದರೂ ಆ ಪಾತ್ರದ ಕಥೆ ಮುಗಿಯಿತು. ಹುಟ್ಟುಗುಣಕ್ಕೂ ಹೊತ್ತ ಕರ್ತವ್ಯಕ್ಕೂ ನಡುವಿನ ಜಗ್ಗಾಟವನ್ನು ಒಂದೇ ಅಂಕೆಯಲ್ಲಿ ಹಿಡಿದ ಇಂಥ ನಿಯಮವನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಒಂದೇ ಕಸುಬಿನ ತಂಡದ ಸೊಗಸು ಬೇಕೆಂದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೇ ಮರಳಿ, ಅದರ 1978ರ ನಿಯಮಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ತೆರೆದು ನಾಲ್ವರು ಮಾಂತ್ರಿಕರನ್ನು ಹೊರಡಿಸಿ. ಮೊದಲ ಹಂತದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಮಂತ್ರ, ಹಾಕಿದೊಡನೆ ಮರೆತುಹೋಗುತ್ತದೆ. ಕವಚ ತೊಡುವಂತಿಲ್ಲ. ಪ್ರಾಣ ನಾಲ್ಕು ಮುಖದ ದಾಳ ಕೊಟ್ಟಷ್ಟು. ಒಂದು ಬಾಗಿಲು ತೆರೆಯುವ ಮುಂಚೆ ಅರ್ಧ ಗಂಟೆ ಚರ್ಚೆ: ಇವತ್ತು ಯಾರ ಮಂತ್ರ ಖರ್ಚು ಮಾಡುವುದು? ಕಂಜೂಸುತನದಿಂದ ಇಷ್ಟು ಉದ್ವೇಗ ಹುಟ್ಟಬಹುದೆಂದು ಆಡಿದವರಿಗೇ ಗೊತ್ತು.

ಕೆಡುವ ಬಗೆಯೂ ಇದೆ. ಡ್ವಾರ್ಫ್‌ಗಳ ತಂಡವೆಂದು ಐದು ಜನವೂ ಗಡ್ಡ ನೀವುತ್ತ ಬಿಯರ್ ಕೇಳುತ್ತ ಕೂತರೆ ಎರಡನೇ ವಾರಕ್ಕೆ ಬೇಸರ. ಆಟ ನಡೆಸುವವರು ಆ ಕುಲದೊಳಗಿನ ಜಗಳ, ಸಾಲ, ಹಳೆಯ ಮುನಿಸುಗಳನ್ನು ಮೊದಲೇ ಬಿತ್ತಿರಬೇಕು.

ಹೊಸಬರಿಗೆ ನನ್ನ ಶಿಫಾರಸು 2011ರ ‘ವಿ ಬಿ ಗಾಬ್ಲಿನ್ಸ್’. ರಿಚರ್ಡ್ ಪೆಟ್ ಬರೆದದ್ದು, ಉಚಿತವಾಗಿ ಹಂಚಿದ್ದು. ಅಕ್ಷರ ಬರೆದರೆ ತಲೆಯೊಳಗಿನ ಮಾತು ಕಳವಾಗುತ್ತದೆಂದು ನಂಬಿ ಹೆದರುವ, ಬೆಂಕಿಯೆಂದರೆ ಪ್ರಾಣ ಬಿಡುವ ನಾಲ್ಕು ಗಾಬ್ಲಿನ್‌ಗಳು ಪಟಾಕಿ ಹುಡುಕಿಕೊಂಡು ಹೊರಡುವ ಕಥೆ. ಪಾತ್ರಗಳು ಸಿದ್ಧವಾಗಿಯೇ ಸಿಗುತ್ತವೆ, ಒಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು.